ಮೂಕರೋಗಿಯೂ ರಾತ್ರಿಯ ವೈದ್ಯನೂ



ಈ ಸಂಜೆ ನಾವು ನಿಮ್ಮ ಮುಂದಿಡಬೇಕೆಂದಿರುವ ವಿಷಯವನ್ನು ಕೇಳಿ ನಿಮ್ಮಲ್ಲಿ ಕೆಲವರು ನಸುನಗಬಹುದು. ಮನುಷ್ಯರ ರೋಗರುಜಿನಗಳಿಗೇ ವೈದ್ಯರು ಸಾಲದಿರುವಾಗ, ನಾಯಿಗೂ ಬೆಕ್ಕಿಗೂ ತಟ್ಟನೆ ಬಂದೊದಗುವ ಆಪತ್ತನ್ನು ಕುರಿತು ಒಂದು ಭಾಷಣವೇ ಬೇಕೆ ಎಂದು ಕೇಳುವವರೂ ಉಂಟು. ಆ ಪ್ರಶ್ನೆಗೆ ನಾವು ವಾದದಿಂದ ಉತ್ತರ ಹೇಳಹೊರಡುವುದಿಲ್ಲ. ನಮ್ಮ ಸೀಮೆಯ ಒಂದು ಕಲ್ಲನ್ನು ತೋರಿಸಿ ಮುಂದಕ್ಕೆ ಹೋಗುತ್ತೇವೆ.

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಹೆಸರನ್ನು ಕೇಳದ ಕನ್ನಡಿಗರು ವಿರಳ. ಅಲ್ಲಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯಮಠವನ್ನು ವರ್ಣಿಸುವ 1162ನೆಯ ಇಸವಿಯ ಶಾಸನವೊಂದಿದೆ. ಆ ಮಠವು ವೇದ, ವ್ಯಾಕರಣ, ದರ್ಶನಗಳ ವ್ಯಾಸಂಗಕ್ಕೆ ನೆಲೆಯೆಂದೂ, ಹಸಿದು ಬಂದ ದೀನರಿಗೆ ಅಲ್ಲಿ ಅನ್ನವುಂಟೆಂದೂ, ದಿಕ್ಕಿಲ್ಲದ ರೋಗಿಗಳಿಗೆ ಔಷಧೋಪಚಾರವುಂಟೆಂದೂ ಹೇಳಿದ ಶಾಸನಕಾರನು ಅಷ್ಟಕ್ಕೆ ತೃಪ್ತನಾಗದೆ, ಅದು ಸಕಲ ಪ್ರಾಣಿಗಳಿಗೂ ಅಭಯವನ್ನು ಕೊಡುವ ಸ್ಥಾನವೆಂದು ಕೂಡಿಸುತ್ತಾನೆ. ಎಂಟುನೂರು ವರ್ಷಗಳಿಗೂ ಹಿಂದೆ ನಮ್ಮ ಹಿರಿಯರು ರೋಗಿಯಾದ ಮನುಷ್ಯನನ್ನೂ ಹೆದರಿದ ಪ್ರಾಣಿಯನ್ನೂ ಒಂದೇ ಸೂರಿನ ಕೆಳಗೆ ನೆನೆದಿದ್ದರು. ನಾವು ಈ ಹೊತ್ತು ಹೇಳತಕ್ಕದ್ದು ಅದಕ್ಕಿಂತ ಹೊಸದೇನೂ ಅಲ್ಲ. ಆ ಅಭಯವನ್ನು ಒಂದು ಮನೆಯವರು ನಡುರಾತ್ರಿಯಲ್ಲಿ, ಗಾಬರಿಯ ನಡುವೆ, ಕೈಯಾರೆ ಹೇಗೆ ಕೊಡಬಹುದು, ಹೇಗೆ ಕೆಡಿಸಬಹುದು ಎಂಬುದಷ್ಟೇ ನಮ್ಮ ವಿಷಯ.

ನಾವು ಸೊರಬದ ಕಡೆಯವರು. ಆ ಸೀಮೆಯಲ್ಲಿ ಮನೆಗಳು ಒತ್ತೊತ್ತಾಗಿಲ್ಲ. ಒಂದು ಅಡಕೆ ತೋಟ, ಅದರ ಅಂಚಿಗೆ ಒಂದು ಮನೆ, ಹಿಂದೆ ಸೊಪ್ಪಿನ ಬೆಟ್ಟ, ಮುಂದೆ ಗದ್ದೆ. ಅದನ್ನು ದಾಟಿದರೆ ಇನ್ನೊಬ್ಬರ ಮನೆ. ಅಂಥ ಮನೆಯಲ್ಲಿ ನಾಯಿಯೆಂಬುದು ಅಲಂಕಾರದ ವಸ್ತುವಲ್ಲ. ಹಗಲಿನಲ್ಲಿ ಮಂಗಗಳನ್ನೂ ರಾತ್ರಿಯಲ್ಲಿ ಕಾಡುಹಂದಿಯನ್ನೂ ಅದು ತೋಟದಿಂದ ದೂರವಿಡುತ್ತದೆ. ಹೊಸಬರು ಬಂದರೆ ಅವರಿನ್ನೂ ಗದ್ದೆಯ ಬದುವಿನ ಮೇಲಿರುವಾಗಲೇ ಮನೆಗೆ ಸುದ್ದಿ ಮುಟ್ಟಿಸುತ್ತದೆ. ಬೆಕ್ಕಿನ ಕೆಲಸವೂ ಕಡಿಮೆಯದಲ್ಲ. ಅದಿಲ್ಲದ ಮನೆಯ ಬತ್ತದ ಕಣಜವನ್ನು ಇಲಿಗಳು ಬಿಟ್ಟಾವೆಯೆ? ಕೆಲಸಕ್ಕೆಂದು ಸಾಕಿದ ಈ ಪ್ರಾಣಿಗಳು ಕೆಲವು ದಿವಸಗಳಲ್ಲಿಯೇ ಮನೆಯ ಮಕ್ಕಳ ಸಾಲಿನಲ್ಲಿ ಸೇರಿಬಿಡುವುದು ಎಲ್ಲರಿಗೂ ತಿಳಿದ ಸಂಗತಿಯೇ ಸರಿ.

ನಮ್ಮ ಮನೆಯಲ್ಲಿ ಮೋತಿ ಎಂಬ ನಾಯಿಯಿತ್ತು. ಒಂದು ಮಳೆಗಾಲದ ರಾತ್ರಿ ಸೌದೆಯ ಕೊಟ್ಟಿಗೆಯ ಬಳಿ ಅದು ವಿಪರೀತವಾಗಿ ಬೊಗಳಿ, ಒಮ್ಮೆ ಕಿರುಚಿ, ಜಗುಲಿಗೆ ಬಂದು ಮಲಗಿತು. ಸ್ವಲ್ಪ ಹೊತ್ತಿನಲ್ಲಿ ಅದರ ಬಾಯಿಂದ ಜೊಲ್ಲು ಸುರಿಯತೊಡಗಿತು; ಹಿಂಗಾಲುಗಳು ತೊಡರಿದವು; ಕಣ್ಣಿನ ರೆಪ್ಪೆಗಳು ತಾವಾಗಿಯೇ ಇಳಿದವು. ಹಾವು ಕಚ್ಚಿದೆಯೆಂದು ನಮಗೆ ತಿಳಿಯಿತು. ತಿಳಿದ ಮೇಲೆ ನಾವು ಮಾಡಿದ್ದೇನು? ಕಾಲಿಗೆ ಹಗ್ಗವನ್ನು ಬಿಗಿದೆವು. ಗಾಯಕ್ಕೆ ಸುಣ್ಣವನ್ನೂ ಅರಿಸಿನವನ್ನೂ ಬಳಿದೆವು. ಮೆಣಸಿನ ಕಷಾಯವನ್ನು ಕಾಯಿಸಿ, ಇಬ್ಬರು ದವಡೆಯನ್ನು ಅಗಲಿಸಿ ಹಿಡಿದು, ಮೂರನೆಯವರು ಅದನ್ನು ಗಂಟಲಿಗೆ ಹೊಯ್ದೆವು. ಈ ಹೊತ್ತಿನಲ್ಲಿ ಒಂದು ನಾಯಿಗಾಗಿ ವೈದ್ಯರ ನಿದ್ರೆ ಕೆಡಿಸುವುದು ಮರ್ಯಾದೆಯಲ್ಲವೆಂದು ಹೇಳಿಕೊಂಡು ಬೆಳಗಾಗುವುದನ್ನು ಕಾಯುತ್ತ ಕುಳಿತೆವು. ಬೆಳಕು ಹರಿದ ಮೇಲೆ ಬಾಡಿಗೆ ಜೀಪಿನಲ್ಲಿ ಹೊರಟು ಆಸ್ಪತ್ರೆಯನ್ನು ಮುಟ್ಟುವ ಮೊದಲೇ, ನಮ್ಮ ಮಗನ ಮಡಿಲಿನಲ್ಲಿ ಅದರ ಉಸಿರು ನಿಂತಿತು.

ವೈದ್ಯರು ಅದನ್ನು ಮುಟ್ಟಿ ನೋಡಿ, ನಡೆದುದನ್ನೆಲ್ಲ ಕೇಳಿ, ಬಹಳ ಮೆಲ್ಲನೆ ಹೇಳಿದರು: “ಸ್ವಾಮಿ, ನಾಗರಹಾವಿನ ವಿಷ ಏರಿದ ಪ್ರಾಣಿಗೆ ನುಂಗುವ ಶಕ್ತಿ ಇರುವುದಿಲ್ಲ. ನೀವು ಹೊಯ್ದ ಕಷಾಯ ಹೊಟ್ಟೆಗೆ ಹೋಗಿರಲಾರದು, ಶ್ವಾಸಕೋಶಕ್ಕೆ ಹೋಗಿರಬೇಕು. ವಿಷ ಕೊಂದಿತೋ ಕಷಾಯ ಕೊಂದಿತೋ ನಾನು ಹೇಳಲಾರೆ. ರಾತ್ರಿಯೇ ಒಂದು ಫೋನು ಮಾಡಿದ್ದರೆ, ಏನನ್ನೂ ಹೊಯ್ಯಬೇಡಿರೆಂದಾದರೂ ಹೇಳುತ್ತಿದ್ದೆ.” ಅವರು ನಮ್ಮನ್ನು ಬೈಯಲಿಲ್ಲ. ಬೈದಿದ್ದರೆ ಮನಸ್ಸಿಗೆ ಅಷ್ಟು ನಾಟುತ್ತಿರಲಿಲ್ಲವೋ ಏನೋ.

ಶ್ರೋತೃಗಳೆ, ಈ ಭಾಷಣದ ತಿರುಳೆಲ್ಲ ಆ ಮಾತಿನಲ್ಲಿದೆ. ತುರ್ತು ಚಿಕಿತ್ಸೆಯೆಂಬುದು ವೈದ್ಯರ ಮೇಜಿನ ಮೇಲೆ ಪ್ರಾರಂಭವಾಗುವುದಿಲ್ಲ. ಅದು ಮನೆಯ ಜಗುಲಿಯ ಮೇಲೆ, ಮೊದಲ ಕಾಲು ಗಂಟೆಯಲ್ಲಿ ಪ್ರಾರಂಭವಾಗುತ್ತದೆ. ಆ ಕಾಲು ಗಂಟೆಯಲ್ಲಿ ಮಾಡತಕ್ಕ ಕೆಲಸಗಳು ಕೆಲವೇ, ಮಾಡಬಾರದವು ಬಹಳ.

ಮೊದಲು ಹಾವಿನ ಸಂಗತಿಯನ್ನೇ ಮುಗಿಸೋಣ. ನಮ್ಮ ದೇಶದಲ್ಲಿ ತಯಾರಾಗುವ ಪ್ರತಿವಿಷವು ನಾಲ್ಕು ಹಾವುಗಳ ವಿಷಕ್ಕೆ ಎದುರಾದುದು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಮನುಷ್ಯರಿಗೆ ಕೊಡುವ ಆ ಔಷಧವನ್ನೇ ಪಶುವೈದ್ಯರೂ ಉಪಯೋಗಿಸುತ್ತಾರೆ. ಮಲೆನಾಡಿನ ಗುಳಿಮಂಡಲ ಜಾತಿಯ ಹಾವುಗಳ ವಿಷಕ್ಕೆ ಅದನ್ನು ನೆಚ್ಚುವಂತಿಲ್ಲ. ಇಲ್ಲಿ ಒಂದು ಸೂಕ್ಷ್ಮವಿದೆ. ಬೇರೆ ಔಷಧಗಳನ್ನು ರೋಗಿಯ ತೂಕಕ್ಕೆ ತಕ್ಕಂತೆ ಅಳೆದು ಕೊಡುತ್ತಾರೆ. ಪ್ರತಿವಿಷವನ್ನು ಹಾಗೆ ಅಳೆಯುವುದಿಲ್ಲ. ಹಾವು ಇಳಿಸಿದ ವಿಷವೆಷ್ಟೋ ಅದಕ್ಕೆ ತಕ್ಕಷ್ಟು ಕೊಡಬೇಕು. ಆದಕಾರಣ ಚಿಕ್ಕ ನಾಯಿಗೆ ಚಿಕ್ಕ ಪ್ರಮಾಣವೆಂಬ ಲೆಕ್ಕವು ಇಲ್ಲಿ ನಡೆಯದು. ನಾಗರಹಾವಿನ ವಿಷದಿಂದ ಉಸಿರಾಟದ ಸ್ನಾಯುಗಳು ಸೋತಾಗ ವೈದ್ಯರು ನಿಯೋಸ್ಟಿಗ್ಮಿನ್, ಅಟ್ರೊಪಿನ್ ಎಂಬ ಔಷಧಗಳನ್ನೂ ಕೊಟ್ಟು, ಬೇಕಾದರೆ ಕೃತಕವಾಗಿ ಉಸಿರಾಡಿಸಿ, ಪ್ರಾಣವನ್ನು ಹಿಡಿದಿಡುತ್ತಾರೆ. ಮನೆಯವರು ಮಾಡತಕ್ಕದ್ದಿಷ್ಟೆ: ಪ್ರಾಣಿಯನ್ನು ನಡೆಯಿಸದೆ ಎತ್ತಿಕೊಂಡು ಹೋಗಬೇಕು; ಕೊರಳಿನ ಪಟ್ಟಿಯನ್ನು ಸಡಿಲಿಸಬೇಕು; ಕೂಡಲೆ ಹೊರಡಬೇಕು. ಕಟ್ಟುವುದು, ಕೊಯ್ಯುವುದು, ಹೀರುವುದು, ಕುಡಿಸುವುದು ಇವೆಲ್ಲವೂ ವರ್ಜ್ಯ. ಹಾವನ್ನು ಹುಡುಕಿ ಕೊಲ್ಲಹೋಗಿ ಇನ್ನೊಂದು ಕಡಿತವನ್ನು ತರಬಾರದು.

ಇನ್ನು ಈ ವೈದ್ಯರು ಯಾರು, ಅವರ ಕೆಲಸದ ಪರಿ ಎಂಥದು ಎಂಬುದನ್ನು ಅರಿಯುವುದು ಒಳ್ಳೆಯದು. ನಮ್ಮ ನಾಡಿನಲ್ಲಿ ಪಶುವೈದ್ಯವು ಹಳೆಯ ವಿದ್ಯೆ. ಹನ್ನೆರಡನೆಯ ಶತಮಾನದ ಆದಿಯ ಸುಮಾರಿಗೆ ಚಾಲುಕ್ಯ ರಾಜಕುಮಾರನಾದ ಕೀರ್ತಿವರ್ಮನು ‘ಗೋವೈದ್ಯ’ವೆಂಬ ಗ್ರಂಥವನ್ನು ಕನ್ನಡದಲ್ಲಿ ಬರೆದನು. ಆದರೆ ಅಂದಿನಿಂದ ಬಹುಕಾಲ ಈ ವಿದ್ಯೆಯು ಉಳುವ ಎತ್ತು, ಕರೆಯುವ ಹಸು, ರಾಜರ ಕುದುರೆ, ಆನೆ ಇವುಗಳ ಸುತ್ತಲೇ ಬೆಳೆಯಿತು. ಪಾಶ್ಚಾತ್ಯ ದೇಶಗಳಲ್ಲಿಯೂ ಹಾಗೆಯೇ. ಫ್ರಾನ್ಸಿನ ಲಿಯೋನ್ ನಗರದಲ್ಲಿ 1761ರಲ್ಲಿ ಮೊದಲನೆಯ ಪಶುವೈದ್ಯ ಶಾಲೆ ಸ್ಥಾಪಿತವಾದುದು ಕುದುರೆ, ದನಗಳಿಗಾಗಿ. ಬಡವರ ಮನೆಯ ನಾಯಿ ಬೆಕ್ಕುಗಳಿಗೂ ಧರ್ಮಾರ್ಥವಾಗಿ ಚಿಕಿತ್ಸೆ ದೊರೆಯಬೇಕೆಂದು ಮರಿಯಾ ಡಿಕಿನ್ ಎಂಬ ಮಹಿಳೆ ಲಂಡನ್ನಿನಲ್ಲಿ ಔಷಧಾಲಯವೊಂದನ್ನು ತೆರೆದದ್ದು 1917ರಲ್ಲಿ. ಮೈಸೂರು ಸಂಸ್ಥಾನದಲ್ಲಿ 1925ರಲ್ಲಿ ಹೆಬ್ಬಾಳದ ಸೀರಮ್ ಸಂಸ್ಥೆ ಪ್ರಾರಂಭವಾದಾಗ ಅದರ ಗುರಿ ದನಗಳನ್ನು ಹಿಂಡುಹಿಂಡಾಗಿ ಕೊಲ್ಲುತ್ತಿದ್ದ ದೊಡ್ಡರೋಗವನ್ನು ತಡೆಯುವುದಾಗಿತ್ತು. ಆ ರೋಗವು 2011ರಲ್ಲಿ ಭೂಮಿಯ ಮೇಲಿಂದಲೇ ಇಲ್ಲವಾಯಿತೆಂದು ಘೋಷಿತವಾದುದು ಪಶುವೈದ್ಯರ ಮಹಾವಿಜಯವೆನ್ನಬೇಕು. 1958ರಲ್ಲಿ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜು ಏರ್ಪಟ್ಟಿತು. ಈಗ ಶಿವಮೊಗ್ಗೆಯಲ್ಲಿಯೂ ಅಂಥ ಕಾಲೇಜು ಇದೆ. ನಾಯಿ ಬೆಕ್ಕುಗಳು ಈ ಆಸ್ಪತ್ರೆಗಳ ಬಾಗಿಲಿಗೆ ಬಂದದ್ದು ತಡವಾಗಿ. ಬಂದ ಮೇಲೆ ಅವುಗಳ ಸಾಲು ಬೆಳೆಯುತ್ತಲೇ ಇದೆ.

ತಾಲ್ಲೂಕಿನ ಪಶುವೈದ್ಯರ ಒಂದು ದಿನವನ್ನು ಊಹಿಸಿಕೊಳ್ಳಿ. ಬೆಳಗ್ಗೆ ಒಂದು ಹಳ್ಳಿಯಲ್ಲಿ ಕರು ಅಡ್ಡವಾಗಿ ನಿಂತಿದೆಯೆಂದು ಕರೆ. ತೋಳನ್ನು ಭುಜದ ವರೆಗೆ ಒಳಗಿಟ್ಟು ಕರುವನ್ನು ತಿರುಗಿಸಿ ತೆಗೆಯಬೇಕು. ಮಧ್ಯಾಹ್ನ ಹೊಟ್ಟೆಯುಬ್ಬರಿಸಿದ ಎತ್ತು. ದೀಪಾವಳಿಯು ಕಳೆದ ಮೇಲೆ ಶಿಕಾರಿಪುರ ಸೊರಬಗಳ ಹಳ್ಳಿಗಳಲ್ಲಿ ಹೋರಿ ಬೆದರಿಸುವ ಹಬ್ಬಗಳು ನಡೆಯುವ ಕಾಲವಾದರೆ ಓಡಿ ಎಡವಿದ ಹೋರಿಗಳ ಗಾಯ. ಸಂಜೆ ಹಂದಿಯ ಕೋರೆಯಿಂದ ಹೊಟ್ಟೆ ಸೀಳಿದ ನಾಯಿ. ಮನುಷ್ಯರಿಗೆ ಕಣ್ಣಿಗೊಬ್ಬ, ಎದೆಗೊಬ್ಬ, ಎಲುಬಿಗೊಬ್ಬ ವೈದ್ಯನಿರುವ ಈ ಕಾಲದಲ್ಲಿ ಇವರು ಒಬ್ಬರೇ ಅನೇಕ ಜಾತಿಯ ಪ್ರಾಣಿಗಳಿಗೆ ಶಸ್ತ್ರವೈದ್ಯರು, ಸೂಲಗಿತ್ತಿಯರು, ಮಕ್ಕಳ ವೈದ್ಯರು. ಅವರ ರೋಗಿಗೆ ಮಾತು ಬಾರದು. ಎಲ್ಲಿ ನೋವೆಂದು ಅದು ಹೇಳದು. ನೋಯಿಸಿದ ಕೈ ಹಿತದ ಕೈಯೆಂದು ಅದಕ್ಕೆ ತಿಳಿಯದು. ಆದಕಾರಣ ರೋಗಿಯ ನಾಲಗೆಯಾಗಿ ಮಾತನಾಡತಕ್ಕವರು ಮನೆಯವರು. ಯಾವಾಗ ಪ್ರಾರಂಭವಾಯಿತು, ಏನನ್ನು ತಿಂದಿತು, ಎಷ್ಟು ಸಲ ವಾಂತಿಯಾಯಿತು, ನಾವು ಏನೇನು ಮಾಡಿದೆವು, ಇವಿಷ್ಟನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು. ಕಷಾಯ ಹೊಯ್ದಿದ್ದರೆ ಹೊಯ್ದೆವೆನ್ನಬೇಕು. ನಾಚಿಕೆಯಿಂದ ಮರೆಮಾಚಿದ ಸಂಗತಿಯೇ ಎಷ್ಟೋ ಸಲ ಚಿಕಿತ್ಸೆಯ ದಾರಿಯನ್ನು ತಪ್ಪಿಸುತ್ತದೆ.

ತುರ್ತಿನಲ್ಲಿ ವೈದ್ಯರು ಮೊದಲು ನೋಡುವುದು ಮೂರೇ ಸಂಗತಿ: ಉಸಿರು, ರಕ್ತದ ಓಟ, ಎಚ್ಚರ. ಮುರಿದ ಕಾಲು ಎಷ್ಟೇ ಘೋರವಾಗಿ ಕಂಡರೂ ಆಮೇಲೆ ಬರುತ್ತದೆ. ಇದನ್ನು ಮನೆಯವರೂ ನೋಡಲು ಬರುತ್ತದೆ. ಆರೋಗ್ಯವಾದ ನಾಯಿಯ ವಸಡು ಸಾಮಾನ್ಯವಾಗಿ ನಸುಗೆಂಪು. ಬೆರಳಿನಿಂದ ಒತ್ತಿ ಬಿಟ್ಟರೆ ಬಿಳುಪಾದ ಜಾಗವು 2 ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ತಡವಾದರೆ, ವಸಡು ಬಿಳಿಚಿದ್ದರೆ ಅಥವಾ ನೀಲಿಯಾಗಿದ್ದರೆ ಒಂದು ನಿಮಿಷವನ್ನೂ ಕಳೆಯಬಾರದು. ಮಲಗಿರುವ ನಾಯಿ ನಿಮಿಷಕ್ಕೆ ಸುಮಾರು 15ರಿಂದ 30 ಸಲ ಉಸಿರಾಡುತ್ತದೆ. ಅದರ ಮೈಶಾಖವು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನಮ್ಮ ಕೈಗೆ ಅದು ಸದಾ ಜ್ವರವೇ. ಪ್ರಾಣಿಯು ಚೆನ್ನಾಗಿರುವ ದಿವಸವೇ ಇವುಗಳನ್ನು ಒಂದೆರಡು ಸಲ ನೋಡಿ ತಿಳಿದುಕೊಂಡಿರುವವರಿಗೆ ಕೆಟ್ಟ ದಿವಸವು ಕೂಡಲೆ ಗುರುತು ಸಿಕ್ಕುತ್ತದೆ.

ಮೋತಿ ಹೋದ ನಾಲ್ಕು ವರ್ಷಗಳ ಮೇಲೆ ನಮ್ಮ ನೆರೆಮನೆಯ ನಾಯಿಮರಿಯೊಂದು ಗದ್ದೆಗೆ ತಂದಿಟ್ಟ ಕೀಟನಾಶಕದ ಡಬ್ಬಿಯನ್ನು ನೆಕ್ಕಿತು. ಸ್ವಲ್ಪ ಹೊತ್ತಿಗೆಲ್ಲ ಕಣ್ಣಿನಲ್ಲಿ ನೀರು, ಬಾಯಲ್ಲಿ ಜೊಲ್ಲು, ಮೈಯೆಲ್ಲ ನಡುಕ, ಭೇದಿ. ಆಗಲೂ ಕತ್ತಲಾಗಿತ್ತು. ಆದರೆ ಈ ಸಲ ಮನೆಯವರು ಏನನ್ನೂ ಕುಡಿಸಲಿಲ್ಲ. ಶಿಕಾರಿಪುರದಲ್ಲಿದ್ದ ತರುಣ ವೈದ್ಯೆಯೊಬ್ಬರಿಗೆ ಮೊದಲು ಫೋನು ಮಾಡಿದರು. ಡಬ್ಬಿಯ ಮೇಲಿನ ಹೆಸರನ್ನು ಓದಿರೆಂದು ಅವರು ಕೇಳಿದರು. ಮೈಮೇಲೆ ಚೆಲ್ಲಿದ್ದರೆ ಕೈಚೀಲ ತೊಟ್ಟು ಸಾಬೂನು ನೀರಿನಿಂದ ತೊಳೆದು, ಆ ಡಬ್ಬಿಯನ್ನೂ ಜೊತೆಗೆ ತನ್ನಿರೆಂದರು. ಇವರು ದಾರಿಯಲ್ಲಿರುವಾಗಲೇ ಅವರು ಆಸ್ಪತ್ರೆಗೆ ಬಂದು ದೀಪ ಹಚ್ಚಿ ಅಟ್ರೊಪಿನನ್ನು ಸಿದ್ಧಮಾಡಿ ಕುಳಿತಿದ್ದರು. ಆ ರಾತ್ರಿ ಆಕೆ ಮರಿಯ ಪಕ್ಕದಲ್ಲಿ ಮುಂಜಾವದ ವರೆಗೆ ಕುಳಿತು, ಮತ್ತೆ ಮತ್ತೆ ಎದೆಯ ಬಡಿತವನ್ನು ಕೇಳಿ, ಔಷಧವನ್ನು ಸ್ವಲ್ಪ ಸ್ವಲ್ಪವಾಗಿ ಕೊಟ್ಟರು. ಮರಿ ಬದುಕಿತು. ಎರಡು ರಾತ್ರಿಗಳ ನಡುವಣ ವ್ಯತ್ಯಾಸವು ಕೇವಲ ಅದೃಷ್ಟದ್ದೆಂದು ನಾವು ಭಾವಿಸುವುದಿಲ್ಲ.

ಈಗ ನಗರವಾಸಿಗಳಾದ ಶ್ರೋತೃಗಳು, ಇದೆಲ್ಲ ಹಾವು, ತೋಟ, ಗದ್ದೆಗಳ ಮಾತು, ನಮಗೇನು ಎನ್ನಬಹುದು. ಶಿಕಾರಿಪುರದಿಂದ ಶಿವಮೊಗ್ಗೆಗೆ ಸುಮಾರು 50 ಕಿಲೋಮೀಟರು. ಸೊರಬವು ಇನ್ನೂ ದೂರ. ನಿಮ್ಮ ಬೀದಿಯ ಕೊನೆಯಲ್ಲಿಯೇ ಪ್ರಾಣಿಗಳ ಆಸ್ಪತ್ರೆಯಿರಬಹುದು. ಆದರೆ ರಾತ್ರಿ ಎರಡು ಗಂಟೆಗೆ ಅದರ ಬಾಗಿಲು ಮುಚ್ಚಿದ್ದರೆ ನೀವೂ ಸೊರಬದಲ್ಲಿಯೇ ಇರುವಿರಿ. ಯಾವ ಆಸ್ಪತ್ರೆಯು ರಾತ್ರಿ ತೆರೆದಿರುತ್ತದೆ, ಅದರ ದೂರವಾಣಿ ಸಂಖ್ಯೆ ಯಾವುದು, ಅಲ್ಲಿಗೆ ಹೋಗಲು ವಾಹನ ಯಾವುದು ಎಂಬುದನ್ನು ಹಗಲಿನಲ್ಲಿಯೇ ವಿಚಾರಿಸಿ ಅಡಿಗೆಮನೆಯ ಗೋಡೆಯ ಮೇಲೆ ಬರೆದಿಡುವುದು ವಿವೇಕ. 1962 ಎಂಬ ಸಂಖ್ಯೆಗೆ ಕರೆಮಾಡಿದರೆ ಪಶುಚಿಕಿತ್ಸೆಯ ಸರಕಾರಿ ವಾಹನದ ಏರ್ಪಾಡು ಈಗ ಉಂಟು. ರೈತರ ದನಕರುಗಳಿಗೆ ಇದು ದೊಡ್ಡ ಅನುಕೂಲ. ಆದರೂ ಅದು ನಡುರಾತ್ರಿಯಲ್ಲಿಯೂ ಬಂದೇ ತೀರುವುದೆಂದು ನಂಬಿ ಕೈಕಟ್ಟಿ ಕೂಡುವುದು ಸಲ್ಲದು.

ನಗರದ ಮನೆಗಳಲ್ಲಿಯೂ ವಿಷಗಳಿಗೆ ಕೊರತೆಯಿಲ್ಲ. ಜ್ವರವೆಂದು ನಾವು ನುಂಗುವ ಪ್ಯಾರಸಿಟಮಾಲ್ ಗುಳಿಗೆಯೊಂದೇ ಬೆಕ್ಕಿನ ಪ್ರಾಣವನ್ನು ತೆಗೆಯಬಲ್ಲುದು. ಆ ಔಷಧವನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಸಾಲದು; ರಕ್ತವು ಪ್ರಾಣವಾಯುವನ್ನು ಹೊರಲಾರದೆ ವಸಡು ಕಂದುಬಣ್ಣಕ್ಕೆ ತಿರುಗುತ್ತದೆ. ಮಕ್ಕಳು ಪ್ರೀತಿಯಿಂದ ಕೊಡುವ ಚಾಕೊಲೇಟು, ಹಬ್ಬದಲ್ಲಿ ಉಳಿದ ದ್ರಾಕ್ಷಿ, ಈರುಳ್ಳಿಯ ಪಲ್ಯ ಇವು ನಾಯಿಗೆ ಹಿತವಲ್ಲ. ಇಲಿಪಾಷಾಣದಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಜಾತಿಯೊಂದಿದೆ. ಅದನ್ನು ತಿಂದ ನಾಯಿ ಒಂದೆರಡು ದಿವಸ ಚೆನ್ನಾಗಿಯೇ ಕಂಡು, ಆಮೇಲೆ ಒಳಗೊಳಗೇ ರಕ್ತಸ್ರಾವವಾಗಿ ಕುಸಿಯುತ್ತದೆ. ತಿಂದ ದಿವಸವೇ ಹೋದರೆ ಉಳಿಸುವುದು ಸುಲಭ. ಸೀಮೆಎಣ್ಣೆ, ಆಮ್ಲ, ಕ್ಷಾರಗಳನ್ನು ಕುಡಿದ ಪ್ರಾಣಿಗೂ, ಎಚ್ಚರ ತಪ್ಪಿದ ಪ್ರಾಣಿಗೂ ವಾಂತಿ ಮಾಡಿಸುವುದು ಎಂದಿಗೂ ಕೂಡದು.

ಬೇಸಗೆಯಲ್ಲಿ ಮುಚ್ಚಿದ ಕಾರಿನೊಳಗೆ ಬಿಟ್ಟ ನಾಯಿಯ ಸಂಗತಿಯೂ ಹೀಗೆಯೇ. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಏದುಸಿರಿನಿಂದಲೇ ಅದು ಸೆಕೆಯನ್ನು ಕಳೆಯಬೇಕು. ಶಾಖವೇರಿ ತೂರಾಡುವ ನಾಯಿಯನ್ನು ನೆರಳಿಗೆ ತಂದು ನಲ್ಲಿಯ ನೀರನ್ನು ಮೈಮೇಲೆ ಸುರಿಯುತ್ತ ಗಾಳಿ ಬೀಸಿ, ಹಾಗೆಯೇ ವೈದ್ಯರ ಬಳಿಗೆ ಒಯ್ಯಬೇಕು. ಫಿಟ್ಸು ಬಂದ ನಾಯಿಯ ಬಾಯಿಗೆ ಕೈಯನ್ನಾಗಲಿ ಬೀಗದ ಕೈಯನ್ನಾಗಲಿ ತೂರಿಸಬಾರದು. ಸುತ್ತಲಿನ ಸಾಮಾನನ್ನು ಸರಿಸಿ, ದೀಪವನ್ನು ಮಂದಮಾಡಿ, ಗಡಿಯಾರವನ್ನು ನೋಡಬೇಕು. 5 ನಿಮಿಷವಾದರೂ ನಿಲ್ಲದಿದ್ದರೆ ಅದು ಪ್ರಾಣಾಪಾಯ. ಗಂಡು ಬೆಕ್ಕು ಮತ್ತೆ ಮತ್ತೆ ಮೂತ್ರಕ್ಕೆ ಕುಳಿತು ಒಂದು ತೊಟ್ಟೂ ಬಾರದೆ ಕೂಗಿದರೆ ಅದನ್ನು ಮಲಬದ್ಧತೆಯೆಂದು ತಿಳಿದು ಎಣ್ಣೆ ಕುಡಿಸುವವರಿದ್ದಾರೆ. ಮೂತ್ರ ಕಟ್ಟಿದ ಬೆಕ್ಕು ಒಂದೆರಡು ದಿವಸಕ್ಕಿಂತ ಹೆಚ್ಚು ಬಾಳಲಾರದು. ಚಿಕ್ಕ ಮರಿಗೆ ವಾಂತಿ, ರಕ್ತಭೇದಿ ಕಂಡರೆ ಪಾರ್ವೊ ಎಂಬ ವೈರಸ್ಸಿನ ಶಂಕೆ ಮಾಡಬೇಕು. ಜಗತ್ತು 1978ರಲ್ಲಿ ಗುರುತಿಸಿದ ಆ ರೋಗಕ್ಕೆ ನೇರವಾದ ಮದ್ದು ಎಲ್ಲ ಕಡೆಗೂ ದೊರೆಯದು. ರಕ್ತನಾಳದ ಮೂಲಕ ಸಲೈನ್ ಏರಿಸಿ ಮರಿಯ ಜೀವವನ್ನು ಹಿಡಿದಿಡುವುದೇ ಮುಖ್ಯ ಚಿಕಿತ್ಸೆ. ಹೊತ್ತಿಗೆ ಸರಿಯಾಗಿ ಹಾಕಿಸಿದ ಲಸಿಕೆಯು ಇದಕ್ಕಿಂತ ಎಷ್ಟೋ ಮೇಲು.

ಅಪಘಾತಕ್ಕೆ ಸಿಕ್ಕ ಪ್ರಾಣಿಯನ್ನು ಎತ್ತುವಾಗ ಒಂದು ಎಚ್ಚರಿಕೆ ಬೇಕು. ಎಷ್ಟು ಸಾಧುವಾದ ನಾಯಿಯೇ ಆಗಲಿ, ನೋವಿನಲ್ಲಿ ಒಡೆಯನನ್ನೇ ಕಚ್ಚೀತು. ಪಂಚೆಯ ಅಂಚಿನಿಂದ ಮೂತಿಯನ್ನು ಮೃದುವಾಗಿ ಕಟ್ಟಿ, ಹಲಗೆಯ ಮೇಲೋ ಜಮಖಾನದಲ್ಲಿಯೋ ಬೆನ್ನು ಬಾಗದಂತೆ ಎತ್ತಬೇಕು. ಉಸಿರಿಗೆ ಕಷ್ಟಪಡುವ, ವಾಂತಿಮಾಡುವ ಪ್ರಾಣಿಯ ಬಾಯನ್ನು ಮಾತ್ರ ಕಟ್ಟಕೂಡದು. ರಕ್ತ ಸುರಿಯುತ್ತಿದ್ದರೆ ಶುಭ್ರವಾದ ಬಟ್ಟೆಯನ್ನಿಟ್ಟು ಒತ್ತಿ ಹಿಡಿಯಬೇಕು. ಘಳಿಗೆ ಘಳಿಗೆಗೂ ಎತ್ತಿ ನೋಡಬಾರದು.

ಪ್ರಾಣಿಯ ಮೇಲಿನ ಕರುಣೆಯು ನಮ್ಮ ಪ್ರಾಣಕ್ಕೇ ಅಪಾಯವಾಗುವ ಸಂದರ್ಭವೂ ಒಂದುಂಟು. ದವಡೆ ಜೋತುಬಿದ್ದು ಜೊಲ್ಲು ಸುರಿಸುವ ನಾಯಿಯನ್ನು ಕಂಡು ಗಂಟಲಲ್ಲಿ ಎಲುಬು ಸಿಕ್ಕಿದೆಯೆಂದು ಬಾಯೊಳಗೆ ಕೈಹಾಕುವವರಿದ್ದಾರೆ. ಅದು ಹುಚ್ಚುನಾಯಿ ರೋಗದ ಲಕ್ಷಣವೂ ಆಗಿರಬಹುದು. ಲಕ್ಷಣಗಳು ತೋರಿದ ಮೇಲೆ ಮನುಷ್ಯನಿಗಾಗಲಿ ನಾಯಿಗಾಗಲಿ ಆ ರೋಗವು ಬಹುಮಟ್ಟಿಗೆ ಮರಣವೇ. ಪಾಸ್ಚರನು 1885ರಲ್ಲಿ ತೋರಿಸಿಕೊಟ್ಟ ದಾರಿಯಿಂದ, ಕಚ್ಚಿದ ಕೂಡಲೆ ಲಸಿಕೆ ಪಡೆದರೆ ಅದನ್ನು ತಡೆಯಬಹುದಾಗಿದೆ. ಕಚ್ಚಿದ, ಪರಚಿದ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಮನುಷ್ಯರ ಆಸ್ಪತ್ರೆಗೆ ಹೋಗಬೇಕು. ಮೂರು ತಿಂಗಳು ತುಂಬಿದ ಮರಿಗೆ ಈ ರೋಗದ ಲಸಿಕೆ ಹಾಕಿಸಿ, ಆಮೇಲೆ ವೈದ್ಯರು ಹೇಳಿದಂತೆ ಮುಂದುವರಿಸಿದವರು ಮನೆಯನ್ನೂ ಬೀದಿಯನ್ನೂ ವೈದ್ಯರನ್ನೂ ಕಾಪಾಡಿದಂತಾಯಿತು. ಇಂಥ ನಾಯಿಯೇ ಇರಬಹುದೆಂದು ತಿಳಿದೂ ಅದರ ಬಾಯ ಹತ್ತಿರ ಕೈಯಿಡಬೇಕಾದ ವೃತ್ತಿ ಪಶುವೈದ್ಯರದೆಂಬುದನ್ನು ಮರೆಯಬಾರದು.

ಪ್ರಾಣಿಯ ಮರಣವನ್ನು ಅಲಕ್ಷ್ಯಮಾಡಬಾರದೆಂಬ ಪಾಠವನ್ನು ಲೋಕಕ್ಕೆ ಕಲಿಸಿದ್ದು ನಮ್ಮ ಸೊರಬ ತಾಲ್ಲೂಕೇ. 1957ರಲ್ಲಿ ಅಲ್ಲಿಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದವು. ಕಾಡಿಗೆ ಹೋಗಿಬಂದ ಜನರಿಗೆ ಘೋರವಾದ ಜ್ವರ ಬಂದಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು ಶೋಧಿಸಲಾಗಿ, ಉಣುಗುಗಳಿಂದ ಹರಡುವ ಹೊಸ ವೈರಸ್ಸೊಂದು ಬೆಳಕಿಗೆ ಬಂದಿತು. ನಾವು ಮಂಗನ ಕಾಯಿಲೆಯೆಂದು ಕರೆಯುವ ಆ ರೋಗಕ್ಕೆ ಲೋಕದ ವೈದ್ಯಗ್ರಂಥಗಳಲ್ಲಿ ಕ್ಯಾಸನೂರಿನ ಹೆಸರೇ ನಿಂತಿದೆ. ಆದಕಾರಣ ಕಾಡಿನಂಚಿನ ಮನೆಯವರು ಸತ್ತ ಮಂಗನ ಬಳಿಗೆ ನಾಯಿಯನ್ನು ಬಿಡಬಾರದು, ತಾವೂ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ಕಾಡು ಸುತ್ತಿ ಬಂದ ನಾಯಿಯ ಮೈಯಲ್ಲಿ ಉಣುಗುಗಳಿವೆಯೇ ಎಂದು ನೋಡಬೇಕು. ಪಶುವಿನ ಆರೋಗ್ಯವೂ ನಮ್ಮ ಆರೋಗ್ಯವೂ ಒಂದೇ ಹಗ್ಗದ ಎರಡು ಎಳೆಗಳು.

ಕೊನೆಯದಾಗಿ, ವೈದ್ಯರ ವಿಷಯದಲ್ಲಿ ನಮ್ಮ ಕರ್ತವ್ಯವೇನು? 1984ರ ಭಾರತೀಯ ಪಶುವೈದ್ಯ ಪರಿಷತ್ತಿನ ಕಾಯಿದೆಯ ಮೇರೆಗೆ ನೋಂದಣಿ ಪಡೆದವರೇ ಈ ವೃತ್ತಿಗೆ ಅಧಿಕಾರಿಗಳು. ಚೀಲದಲ್ಲಿ ಸೂಜಿಯಿಟ್ಟುಕೊಂಡು ತಿರುಗುವವರೆಲ್ಲ ವೈದ್ಯರಲ್ಲ. ರಾತ್ರಿ ಎದ್ದು ಬಂದ ವೈದ್ಯರಿಗೆ ಸಲ್ಲತಕ್ಕ ಸಂಭಾವನೆಯನ್ನು, ನಾಯಿಗಿಷ್ಟೇ ಎಂದು ಚೌಕಾಶಿಮಾಡದೆ ಕೊಡಬೇಕು. ಉಳಿಯದೆ ಹೋದ ಪ್ರಾಣಿಯ ದುಃಖವನ್ನು ಅವರ ಮೇಲೆ ಸಿಟ್ಟಾಗಿ ತೀರಿಸಿಕೊಳ್ಳಬಾರದು. ಕೆಲವು ವೇಳೆ ಅವರು, ಇದಕ್ಕೆ ಇನ್ನು ನೋವಿಲ್ಲದ ಮರಣವನ್ನು ಕೊಡುವುದೇ ದಯೆ ಎಂದು ಹೇಳಬೇಕಾಗುತ್ತದೆ. ಮನುಷ್ಯರ ವೈದ್ಯರಿಗೆ ಇಲ್ಲದ ಆ ಭಾರವನ್ನು ಇವರು ಹೊರುತ್ತಾರೆ. ಬೆಳಗ್ಗೆ ಒಂದು ಪ್ರಾಣಿಗೆ ಆ ಕೊನೆಯ ಸೂಜಿಯನ್ನು ಚುಚ್ಚಿದ ಕೈಯೇ ಮರುಗಳಿಗೆಯಲ್ಲಿ ಇನ್ನೊಂದು ಮರಿಯ ಲಸಿಕೆಗೆ ಸಿದ್ಧವಾಗಬೇಕು. ಅಂಥ ಹೊತ್ತಿನಲ್ಲಿ ಅವರ ಮಾತನ್ನು ತಾಳ್ಮೆಯಿಂದ ಕೇಳಿ, ಸಾಧ್ಯವಾದರೆ ಪ್ರಾಣಿಯ ತಲೆಯ ಮೇಲೆ ಕೈಯಿಟ್ಟು ಪಕ್ಕದಲ್ಲಿಯೇ ಇರುವುದು ಮನೆಯವರ ಧರ್ಮ.

ಮಂಡ್ಯದ ಸೀಮೆಯ ಆತಕೂರಿನಲ್ಲಿ ಸುಮಾರು 950ನೆಯ ಇಸವಿಯಲ್ಲಿ ನಿಲ್ಲಿಸಿದ ಕಲ್ಲೊಂದು ಪ್ರಸಿದ್ಧವಾಗಿದೆ. ಗಂಗ ದೊರೆ ಬೂತುಗನು ಮಣಲೇರನೆಂಬ ವೀರನಿಗೆ ಮೆಚ್ಚಿ ಕೊಟ್ಟ ಕಾಳಿ ಎಂಬ ನಾಯಿ ದೊಡ್ಡ ಹಂದಿಯೊಡನೆ ಹೋರಾಡಿ ಅದನ್ನು ಕೊಂದು ತಾನೂ ಸತ್ತಿತು. ಒಡೆಯನು ಅದರ ನೆನಪಿಗೆ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ದತ್ತಿಯಾಗಿ ಬಿಟ್ಟನು. ನಮ್ಮ ಮೋತಿಗೆ ನಾವು ಕಲ್ಲು ನಿಲ್ಲಿಸಲಿಲ್ಲ. ತೋಟದ ಮೂಲೆಯಲ್ಲಿ ಮಣ್ಣು ಮಾಡಿದ ಜಾಗದಲ್ಲಿ ಈಗ ಬಾಳೆಯ ಹಿಂಡಿಲು ಬೆಳೆದಿದೆ. ಆದರೆ ನಮ್ಮ ಅಡಿಗೆಮನೆಯ ಗೋಡೆಯ ಮೇಲೆ ವೈದ್ಯರ ದೂರವಾಣಿ ಸಂಖ್ಯೆಯನ್ನು ದೊಡ್ಡ ಅಕ್ಷರದಲ್ಲಿ ಬರೆದಿದ್ದೇವೆ. ಅದನ್ನು ಬರೆಸಿದ್ದು ಮೋತಿಯೇ.

ಈ ಮಾತುಗಳನ್ನು ಕೇಳಿದವರಲ್ಲಿ ಒಬ್ಬರಾದರೂ ಈ ರಾತ್ರಿ ಮಲಗುವ ಮೊದಲು ತಮ್ಮ ಮನೆಯ ಗೋಡೆಯ ಮೇಲೂ ಅಂಥದೊಂದು ಸಂಖ್ಯೆಯನ್ನು ಬರೆದರೆ ನಮ್ಮ ಶ್ರಮವು ಸಾರ್ಥಕವಾಯಿತೆಂದು ತಿಳಿಯುತ್ತೇವೆ.